ಕಲ್ಲು ಕೂರಿಸಿದ ವಾಚು ತೊಳೆಯುವ ಮುನ್ನ

ವಜ್ರದ ಬಳೆಯನ್ನು ಸಾಬೂನು ನೀರಿನ ಬಟ್ಟಲಿಗೆ ಹಾಕಿ ಅರ್ಧ ಗಂಟೆ ಮರೆತರೂ ಏನೂ ಆಗುವುದಿಲ್ಲ. ಅದೇ ಬಟ್ಟಲಿಗೆ ವಜ್ರ ಕೂರಿಸಿದ ವಾಚನ್ನು ಹಾಕಿ, ಮರುದಿನ ಗಾಜಿನೊಳಗೆ ಮಂಜು ಕಟ್ಟಿದ್ದು ಕಂಡು ಕಂಗಾಲಾದವರನ್ನು ಎಷ್ಟೋ ಸಲ ನೋಡಿದ್ದೇನೆ. ಒಡವೆಯಂತೆ ಮಾಡಿದ ವಾಚುಗಳ ಗ್ರಹಚಾರವೇ ಇದು. ಹೊರಗೆ ಬಳೆ, ಒಳಗೆ ಯಂತ್ರ. ತೊಳೆಯಲು ಕೂತವರಿಗೆ ಬಳೆ ಮಾತ್ರ ಕಾಣುತ್ತದೆ.

ಯಂತ್ರವೂ ಎಂಥದ್ದು! ಜೇಜರ್-ಲಕೂಲ್ಟ್ರ್ ಕಂಪನಿ 1929ರಲ್ಲಿ ಹೆಂಗಸರ ಒಡವೆ ವಾಚುಗಳಿಗೆಂದೇ ಮಾಡಿದ ‘ಕ್ಯಾಲಿಬರ್ 101’ ಎಂಬ ಯಂತ್ರ ಸುಮಾರು ಒಂದು ಗ್ರಾಂ ತೂಗುತ್ತದೆ. 1953ರ ಪಟ್ಟಾಭಿಷೇಕದ ದಿನ ರಾಣಿ ಎರಡನೇ ಎಲಿಜಬೆತ್ ಕೈಯಲ್ಲಿದ್ದ ವಾಚಿನೊಳಗೆ ಇದ್ದದ್ದು ಇದೇ. ಇಷ್ಟು ಸಣ್ಣ ಯಂತ್ರಕ್ಕೆ ಒಂದು ಹನಿ ನೀರೆಂದರೆ ಪ್ರವಾಹ. ವಾಚಿನ ಹಿಂಬದಿಯಲ್ಲಿ ‘30 ಮೀಟರ್ ವಾಟರ್ ರೆಸಿಸ್ಟೆಂಟ್’ ಎಂದು ಕೆತ್ತಿದ್ದರೆ ಅದನ್ನು ಕಟ್ಟಿಕೊಂಡು ಈಜಬಹುದು ಎಂದು ಅರ್ಥವಲ್ಲ. ಕೈ ತೊಳೆಯುವಾಗ ನಾಲ್ಕು ಹನಿ ಸಿಡಿದರೆ ತಡೆದೀತು, ಅಷ್ಟೇ. ದುಂಡನೆಯ ವಾಚಿಗಿಂತ ಮೊಟ್ಟೆಯಾಕಾರದ, ಹಾವಿನ ತಲೆಯಾಕಾರದ ಪೆಟ್ಟಿಗೆಗೆ ಬಿಗಿಯಾದ ಮುಚ್ಚಳ ಕೂರಿಸುವುದು ಕಷ್ಟ. ಎಷ್ಟೋ ಒಡವೆ ವಾಚುಗಳಲ್ಲಿ ನೀರು ತಡೆಯುವ ಏರ್ಪಾಡೇ ಇರುವುದಿಲ್ಲ.

1. ಕಲ್ಲು ಯಾವುದು, ತಿಳಿದುಕೊಳ್ಳಿ

ವಜ್ರ, ನೀಲ, ಮಾಣಿಕ್ಯ ಗಟ್ಟಿ ಕುಳಗಳು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಉಳಿದೆರಡಕ್ಕೆ 9. ಇವುಗಳಿಗೆ ಸಾಬೂನು ನೀರು ತಾಗಿದರೆ ತೊಂದರೆಯಿಲ್ಲ. ಪಚ್ಚೆ ಗಟ್ಟಿಯೇ ಆದರೂ ಒಳಗಿನ ಬಿರುಕು ಮುಚ್ಚಲು ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ. ಬಿಸಿನೀರು, ಖಾರವಾದ ಸಾಬೂನು ಅದನ್ನು ಎಳೆದು ಹಾಕುತ್ತವೆ. ಮುತ್ತು, ಹವಳ, ಟರ್ಕಾಯ್ಸ್, ಓಪಲ್, ಮ್ಯಾಲಕೈಟ್ ಇದ್ದರೆ ಮುಂದಿನ ಹಂತಗಳನ್ನು ಮರೆತುಬಿಡಿ. ಮೆತ್ತನೆಯ ಬಟ್ಟೆಯ ತುದಿ ಒದ್ದೆ ಮಾಡಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಮುಗಿಯಿತು. ಇಂಥ ಕಲ್ಲುಗಳ ತೆಳು ಬಿಲ್ಲೆಗಳಿಂದ ಪಿಯಾಜೆ ಕಂಪನಿ 1960ರ ದಶಕದಲ್ಲಿ ಡಯಲ್‌ಗಳನ್ನೇ ಮಾಡಿತು. ಅವು ಗಾಜಿನ ಹಿಂದಿರುವುದರಿಂದ ನಮ್ಮ ಬ್ರಷ್ಷಿಗೆ ಸಿಗುವುದಿಲ್ಲ, ಪುಣ್ಯ.

2. ಸಾಮಾನು ಜೋಡಿಸಿಕೊಳ್ಳಿ

ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಪಾತ್ರೆ ತೊಳೆಯುವ ದ್ರವ ಒಂದು ಹನಿ, ಉಗುರುಬೆಚ್ಚಗಿನ ನೀರು, ನೂಲು ಬಿಡದ ಬಟ್ಟೆ ಮೂರು, ಭೂತಗನ್ನಡಿ, ಕೆಳಗೆ ಹಾಸಲು ದಪ್ಪ ಟವೆಲ್. ಸಿಂಕಿನ ಹತ್ತಿರ ಮಾತ್ರ ಕೂರಬೇಡಿ. ಬಿದ್ದ ಕಲ್ಲು ಟವೆಲ್ ಮೇಲೆ ಸಿಗುತ್ತದೆ, ಕೊಳವೆಯಲ್ಲಿ ಸಿಗುವುದಿಲ್ಲ.

ಟೂತ್‌ಪೇಸ್ಟ್, ಅಡುಗೆ ಸೋಡಾ ಎರಡನ್ನೂ ದೂರವಿಡಿ. ಪೇಸ್ಟಿನಲ್ಲಿ ಉಜ್ಜುಪುಡಿ ಇರುತ್ತದೆ, ಚಿನ್ನ ಮೆದು, ಗೀರು ಬಿದ್ದೇ ಬೀಳುತ್ತದೆ. ಬಿಳಿ ಚಿನ್ನವಾದರೆ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪ ಸವೆದು ಒಳಗಿನ ಹಳದಿ ಛಾಯೆ ಇಣುಕುತ್ತದೆ. ‘ಅದ್ದಿದರೆ ಸಾಕು, ಕ್ಷಣದಲ್ಲಿ ಹೊಳಪು’ ಎಂದು ಬಾಟಲಿಯಲ್ಲಿ ಮಾರುವ ದ್ರಾವಣಗಳನ್ನು ವಾಚಿಗೆ ಬಳಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮನೆಬಳಕೆಯ ಅಲ್ಟ್ರಾಸಾನಿಕ್ ಯಂತ್ರವೂ ಬೇಡ. ಅದರ ಕಂಪನಕ್ಕೆ ಸಡಿಲವಾದ ಕಲ್ಲು ಕಳಚುತ್ತದೆ, ನೀರು ಒಳಗೆ ನುಗ್ಗುತ್ತದೆ.

3. ಕಲ್ಲಿನ ಬೆನ್ನು ಶುಚಿ ಮಾಡುವುದು

ಎಲ್ಲರೂ ಎಡವುವುದು ಇಲ್ಲಿ. ಮಂಕಾದ ವಜ್ರವನ್ನು ಮೇಲಿನಿಂದ ತಿಕ್ಕುತ್ತಾರೆ, ತಿಕ್ಕಿದಷ್ಟೂ ಹೊಳಪು ಬರುವುದಿಲ್ಲ, ಇನ್ನಷ್ಟು ತಿಕ್ಕುತ್ತಾರೆ. ಮೇಲಿನಿಂದ ಒಳಹೊಕ್ಕ ಬೆಳಕು ಕಲ್ಲಿನ ಕೆಳಮುಖಗಳಿಗೆ ಬಡಿದು ಹಿಂತಿರುಗಿದರೆ ಮಾತ್ರ ವಜ್ರ ಮಿನುಗುತ್ತದೆ. ಆ ಕೆಳಮುಖಕ್ಕೆ ಜಿಡ್ಡು ಅಂಟಿತೋ, ಬೆಳಕು ಅಲ್ಲೇ ಸೋರಿಹೋಗುತ್ತದೆ. ವಜ್ರಕ್ಕೆ ಜಿಡ್ಡೆಂದರೆ ಬಲು ಪ್ರೀತಿ. ಗಣಿಗಳಲ್ಲಿ ಅದಿರನ್ನು ನೀರಿನೊಂದಿಗೆ ಗ್ರೀಸ್ ಬಳಿದ ಹಲಗೆಯ ಮೇಲೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದುದು ಈ ಗುಣದಿಂದಲೇ: ಬೇರೆ ಕಲ್ಲು ಕೊಚ್ಚಿಹೋಗುತ್ತದೆ, ವಜ್ರ ಅಂಟಿಕೊಳ್ಳುತ್ತದೆ. ಕೈಗೆ ಹಚ್ಚಿದ ಕ್ರೀಮು, ಬೆವರು, ಸಾಬೂನು ಎಲ್ಲ ಸೇರಿ ಕಲ್ಲಿನ ಹಿಂದೆ ಬೂದು ಬಣ್ಣದ ಲೇಹವಾಗಿ ಕೂತಿರುತ್ತದೆ.

ವಾಚಿನ ಪಟ್ಟಿಯನ್ನು ತಿರುಗಿಸಿ, ಚರ್ಮಕ್ಕೆ ತಾಗುವ ಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಕಲ್ಲಿನ ಹಿಂದೆಯೂ ಪುಟ್ಟ ರಂಧ್ರ ಕೊರೆದಿದ್ದರೆ ಅದೇ ನಿಮ್ಮ ದಾರಿ. ಹಿಂಬದಿ ಪೂರ್ತಿ ಮುಚ್ಚಿದ್ದರೆ ಮೇಲಿನ ಕೊಳೆಯಷ್ಟೇ ಹೋಗುತ್ತದೆ, ಅದಕ್ಕಿಂತ ಹೆಚ್ಚಿನ ಆಸೆ ಬೇಡ.

ಶುರುಮಾಡುವ ಮೊದಲು ಕ್ರೌನ್, ಅಂದರೆ ಮುಳ್ಳು ತಿರುಗಿಸುವ ಗುಂಡಿ, ಪೂರ್ತಿ ಒಳಗೊತ್ತಿದೆಯೇ ನೋಡಿ. ಈಗ ಎಡಗೈಯಲ್ಲಿ ವಾಚಿನ ತಲೆಯನ್ನು ಒಣಬಟ್ಟೆ ಸುತ್ತಿ ಮೇಲಕ್ಕೆ ಹಿಡಿಯಿರಿ. ಪಟ್ಟಿ ಕೆಳಗೆ ಜೋತುಬೀಳಲಿ. ನೀರು ಇಳಿಯುವುದಿದ್ದರೆ ಕೊಕ್ಕೆಯ ಕಡೆ ಇಳಿಯಲಿ, ಯಂತ್ರದ ಕಡೆ ಏರದಿರಲಿ. ಬ್ರಷ್ಷನ್ನು ಸಾಬೂನು ನೀರಿಗೆ ಅದ್ದಿ, ಕೊಡವಿ, ಬಟ್ಟೆಗೆ ಒತ್ತಿ. ಬಟ್ಟೆಯ ಮೇಲೆ ಹನಿ ಮೂಡಿದರೆ ಇನ್ನೂ ಒದ್ದೆ ಜಾಸ್ತಿ, ಮತ್ತೆ ಕೊಡವಿ. ಬರೀ ತೇವದ ಗುರುತು ಉಳಿಯುವಷ್ಟಿದ್ದರೆ ಸರಿ. ವಾಚಿನ ತಲೆಯಿಂದ ಕೊಕ್ಕೆಯತ್ತ, ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಿರಿ. ನಾಲ್ಕೈದು ಕೊಂಡಿ ಮುಗಿದ ಕೂಡಲೇ ಬ್ರಷ್ ತೊಳೆಯಿರಿ, ಇಲ್ಲದಿದ್ದರೆ ಅಲ್ಲಿಯ ಜಿಡ್ಡನ್ನೇ ಇಲ್ಲಿಗೆ ಬಳಿದಂತಾಗುತ್ತದೆ. ಕೊಂಡಿಗಳ ಕೀಲಿನಲ್ಲಿ ಗಟ್ಟಿಯಾದ ಕೊಳೆಗೆ ಮರದ ಹಲ್ಲುಕಡ್ಡಿ ಸಾಕು. ಸೂಜಿ, ಪಿನ್ನು ಮುಟ್ಟಬೇಡಿ.

ಬ್ರಷ್ಷಿನ ಎಳೆಯೊಂದು ಕಲ್ಲಿನ ಅಂಚಿಗೆ ಸಿಕ್ಕಿಕೊಂಡರೆ ಅಲ್ಲಿಗೇ ನಿಲ್ಲಿಸಿ. ಕಲ್ಲನ್ನು ಹಿಡಿದಿರುವ ಚಿನ್ನದ ಪುಟ್ಟ ಉಗುರು ಎದ್ದಿದೆ ಎಂದರ್ಥ. ಅನುಮಾನವಿದ್ದರೆ ಹತ್ತಿಯ ತುಣುಕನ್ನು ಮೇಲೆ ಸವರಿ ನೋಡಿ, ಎದ್ದ ಉಗುರಿಗೆ ನೂಲು ಕಚ್ಚಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಕಿಣಿಕಿಣಿ ಕೇಳಿಸಿದರೆ ಕಲ್ಲು ಸಡಿಲವಾಗಿರಬಹುದು. ಶೋಪಾರ್ಡ್ ಕಂಪನಿಯ ‘ಹ್ಯಾಪಿ ಡೈಮಂಡ್ಸ್’ ವಾಚಿಗೆ ಮಾತ್ರ ಈ ಪರೀಕ್ಷೆ ನಡೆಯದು. ಎರಡು ಗಾಜುಗಳ ನಡುವೆ ವಜ್ರಗಳು ಓಡಾಡುವಂತೆ 1976ರಲ್ಲಿ ಬೇಕೆಂದೇ ಮಾಡಿದ ವಿನ್ಯಾಸ ಅದು. ಕಲ್ಲು ಕಳಚಿದೆ ಎಂದು ಹೆದರಿ ಅದನ್ನು ಬಿಚ್ಚಿಸಲು ಹೊರಟವರೂ ಇದ್ದಾರೆ.

ತೊಳೆದ ಸಾಬೂನು ತೆಗೆಯಲು ನಲ್ಲಿಯ ಕೆಳಗೆ ಹಿಡಿಯುವುದು ಎರಡನೇ ದೊಡ್ಡ ತಪ್ಪು. ಬ್ರಷ್ಷನ್ನು ಶುದ್ಧ ನೀರಿನಲ್ಲಿ ಜಾಲಾಡಿ, ಅದೇ ತೇವದಲ್ಲಿ ಮತ್ತೆ ಎಳೆಯಿರಿ, ಒದ್ದೆಬಟ್ಟೆಯಿಂದ ಒರೆಸಿ, ಇನ್ನೊಮ್ಮೆ ಒರೆಸಿ. ಸಾಬೂನು ಉಳಿದರೆ ಒಣಗಿದ ಮೇಲೆ ಬಿಳಿ ಪೊರೆಯಾಗಿ ಕಾಣುತ್ತದೆ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಬುಲ್ಗಾರಿ ಕಂಪನಿಯ ‘ಸೆರ್ಪೆಂಟಿ’ಯಂಥ ವಾಚುಗಳ ಟ್ಯೂಬೊಗಾಸ್ ಪಟ್ಟಿಗೆ ಇದ್ಯಾವುದೂ ಬೇಡ. ಬೆಸುಗೆಯಿಲ್ಲದೆ ಲೋಹದ ಪಟ್ಟಿಗಳನ್ನು ಒಂದಕ್ಕೊಂದು ಕಚ್ಚಿಸಿ ಸುತ್ತಿದ ಕೊಳವೆ ಅದು. ಸಂದಿಯ ಕೊಳೆ ಕಾಣಲೆಂದು ಜಗ್ಗಿ ಹಿಗ್ಗಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಸುರುಳಿಯ ಗುಂಟ ತೇವದ ಬಟ್ಟೆಯಿಂದ ಒರೆಸಿ, ಸಾಕು.

4. ಡಯಲ್ ಸುತ್ತ

ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ಚೌಕಟ್ಟಿನ ಕಲ್ಲುಗಳ ಮೇಲೆ ಎರಡು ಎಳೆತ, ಗಾಜಿಗೆ ಒಣಬಟ್ಟೆ. ಕ್ರೌನ್ ಸುತ್ತ ತೇವ ತಾಗಿಸಬೇಡಿ.

5. ಒಣಗಿಸುವುದು

ಒಣ ಟವೆಲ್ ಮೇಲೆ ರಾತ್ರಿಯಿಡೀ ಬಿಡಿ. ಹೇರ್ ಡ್ರೈಯರ್ ಬೇಡ, ಬಿಸಿಗೆ ರಬ್ಬರ್ ರಿಂಗು, ಅಂಟು ಎರಡೂ ಹಾಳು. ಅವಸರವಿದ್ದರೆ ಕ್ಯಾಮೆರಾ ಲೆನ್ಸಿನ ಧೂಳು ಹಾರಿಸುವ ರಬ್ಬರ್ ಬುರುಡೆಯಿಂದ ಗಾಳಿ ಹಾಯಿಸಿ. ಸ್ಯಾಟಿನ್ ಪಟ್ಟಿಯಿದ್ದರೆ ತೊಳೆಯುವ ಮಾತೇ ಇಲ್ಲ, ಕೊಳೆಯಾದರೆ ಬದಲಾಯಿಸಬೇಕು.

6. ಎತ್ತಿಡುವುದು

ವಾಚಿಗೊಂದು ಪ್ರತ್ಯೇಕ ಚೀಲ. ಬಳೆ, ಉಂಗುರಗಳ ಜೊತೆ ಹಾಕಿದರೆ ಅವುಗಳ ವಜ್ರ ಇದರ ಚಿನ್ನವನ್ನು ಗೀರುತ್ತದೆ. ಅಯಸ್ಕಾಂತದ ಗುಂಡಿಯಿರುವ ಕೈಚೀಲ, ಒಡವೆ ಪೆಟ್ಟಿಗೆಗಳಲ್ಲಿ ಇಡಬೇಡಿ. ಕೀ ಕೊಡುವ ವಾಚು ಅಡ್ಡಾದಿಡ್ಡಿ ಓಡುತ್ತದೆ, ಕ್ವಾರ್ಟ್ಜ್ ವಾಚು ಅಲ್ಲಿರುವಷ್ಟು ಹೊತ್ತು ನಿಂತುಬಿಡಬಹುದು. ವರ್ಷಕ್ಕೊಮ್ಮೆ ಮಾತ್ರ ಹಾಕುವ ಕ್ವಾರ್ಟ್ಜ್ ವಾಚಿನ ಸೆಲ್ ಸತ್ತಿದ್ದರೆ ತಕ್ಷಣ ತೆಗೆಸಿ. ಸೋರಿದ ಸೆಲ್ ಯಂತ್ರವನ್ನೇ ತಿಂದುಹಾಕುತ್ತದೆ.

ಇಷ್ಟಾದ ಮೇಲೂ ಗಾಜಿನೊಳಗೆ ಮಂಜು ಕಂಡರೆ ಅಕ್ಕಿಯ ಡಬ್ಬ, ಬಿಸಿಲು ಎಂದು ಪ್ರಯೋಗ ಮಾಡುತ್ತಾ ಕೂರಬೇಡಿ, ಅಂದೇ ಬಿಚ್ಚಿಸಿ. ಎದ್ದ ಉಗುರು ಕೂರಿಸಲು ಅಕ್ಕಸಾಲಿಗರಿಗೆ ಕೊಡುವುದಾದರೆ, ಅದಕ್ಕೂ ಮೊದಲು ವಾಚು ರಿಪೇರಿಯವರಿಂದ ಯಂತ್ರವನ್ನು ಹೊರತೆಗೆಸಿ ಬರೀ ಚೌಕಟ್ಟು, ಪಟ್ಟಿಯನ್ನಷ್ಟೇ ಕೊಡಿ. ಸುತ್ತಿಗೆಯ ಸಣ್ಣ ಏಟನ್ನೂ ಬೆಸುಗೆಯ ಬಿಸಿಯನ್ನೂ ಚಿನ್ನ ತಡೆಯುತ್ತದೆ, ಯಂತ್ರ ತಡೆಯುವುದಿಲ್ಲ.