ಕರಾವಳಿಯ ಸೈಟಿನಲ್ಲಿ ಹೆಲ್ಪರ್‌ನಿಂದ ಮೇಸ್ತ್ರಿಯಾಗಲು

ಮಂಗಳೂರು, ಉಡುಪಿ ಕಡೆ ಕಟ್ಟಡದ ಕೆಲಸಕ್ಕೆ ಸೇರುವುದಾದರೆ ಮಳೆ ಕಡಿಮೆಯಾಗುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಸೇರಿ. ಅಡಿಪಾಯ, ಪಿಲ್ಲರ್, ಸ್ಲ್ಯಾಬ್ ಎಲ್ಲ ಮೇ ಒಳಗೆ ಮುಗಿಯಬೇಕೆಂಬ ಅವಸರ ಇರುವುದರಿಂದ ಆಗ ಹೊಸ ಆಳಿಗೆ ಕೆಲಸ ಸುಲಭವಾಗಿ ಸಿಗುತ್ತದೆ. ಜೂನ್‌ನಲ್ಲಿ ಬಂದವರು ಮಳೆ ನೋಡುತ್ತಾ ಕೂರಬೇಕಾಗುತ್ತದೆ. ಮಳೆಗಾಲದಲ್ಲೂ ನಡೆಯುವುದು ವಯರಿಂಗ್, ಪ್ಲಂಬಿಂಗ್, ಟೈಲ್ಸ್, ಒಳಗಿನ ಸಾರಣೆ. ವರ್ಷವಿಡೀ ಕೂಲಿ ಬೇಕೆಂದರೆ ಇವುಗಳಲ್ಲಿ ಒಂದನ್ನು ಕಲಿತಿರಲೇಬೇಕು.

ಹೆಲ್ಪರ್ ಮೇಸ್ತ್ರಿಯಾಗುವುದು ಲೆಕ್ಕದಿಂದ. ಹೊರುವುದು, ಕಲಸುವುದು ಹದಿನೈದು ದಿನದಲ್ಲಿ ಬರುತ್ತದೆ. ಡ್ರಾಯಿಂಗ್ ಓದಿ ಅಳತೆ ತೆಗೆಯಲು ಕುಳಿತು ಕಲಿಯಬೇಕು.

ಬಾರ್ ಬೆಂಡಿಂಗ್, ಅಂದರೆ ಕಬ್ಬಿಣ ಕತ್ತರಿಸಿ ಬಾಗಿಸುವ ಕೆಲಸವನ್ನೇ ನೋಡಿ. ಕಬ್ಬಿಣದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ರಾಡಾದರೆ ಮೀಟರಿಗೆ 0.889 ಕಿಲೋ, 12 ಮೀಟರ್ ಉದ್ದದ ಒಂದು ರಾಡಿಗೆ ಸುಮಾರು 10.7 ಕಿಲೋ. ಬಂದ ಲೋಡು ಸರಿಯಿದೆಯೇ ಎಂದು ನೋಡಲು ಇಷ್ಟು ಸಾಕು.

ಇನ್ನು ರಿಂಗು, ಅಂದರೆ ಪಿಲ್ಲರಿನ ಉದ್ದ ಕಬ್ಬಿಣಗಳನ್ನು ಸುತ್ತಿ ಹಿಡಿಯುವ ಚೌಕಟ್ಟು. 230 × 300 ಎಂಎಂ ಪಿಲ್ಲರಿಗೆ ಎಲ್ಲ ಬದಿಗೂ 45 ಎಂಎಂ ಕವರ್ (ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಬಿಟ್ಟರೆ ರಿಂಗಿನ ಹೊರ ಅಳತೆ 140 × 210. ಸುತ್ತಳತೆ 700. 8 ಎಂಎಂ ಕಬ್ಬಿಣಕ್ಕೆ ಎರಡು ಹುಕ್ಕಿಗೆ 160 ಸೇರಿಸಿ. ಬಾಗಿಸುವಾಗ ಹಿಗ್ಗುವ ಲೆಕ್ಕಕ್ಕೆ 96 ಕಳೆಯಿರಿ. ತುಂಡು 764 ಎಂಎಂ, ಒಂದು ರಾಡಿಗೆ 15 ರಿಂಗು. ಕಳೆಯದೆ 860ಕ್ಕೆ ಕತ್ತರಿಸಿದರೆ ಬರೀ 13. ಅಷ್ಟೇ ಅಲ್ಲ, ರಿಂಗು ದೊಡ್ಡದಾಗಿ ಶಟರಿಂಗಿಗೆ (ಕಾಂಕ್ರೀಟ್ ಸುರಿಯುವ ಅಚ್ಚಿಗೆ) ತಾಗಿ ಕವರನ್ನೇ ತಿನ್ನುತ್ತದೆ. ಹುಕ್ಕು 135 ಡಿಗ್ರಿಗೆ ಒಳಗೆ ಬಾಗಿರಬೇಕು. 90ಕ್ಕೆ ಬಿಟ್ಟ ಹುಕ್ಕು ಭಾರ ಬಿದ್ದಾಗ ಬಿಚ್ಚಿಕೊಳ್ಳುತ್ತದೆ.

45 ಯಾಕೆ? ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕರಾವಳಿಯ ವಾತಾವರಣಕ್ಕೆ ಕವರ್ ಅಷ್ಟಿರಬೇಕು, ಕಾಂಕ್ರೀಟ್ ಕನಿಷ್ಠ ಎಂ30 ದರ್ಜೆಯದ್ದಿರಬೇಕು. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರೆ ಕಾಂಕ್ರೀಟ್ ಸುರಿಯುವಾಗ ಅದು ಜಾರಿ ಕವರ್ ಉಳಿಯುವುದಿಲ್ಲ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕೆಲವೇ ವರ್ಷದಲ್ಲಿ ಸ್ಲ್ಯಾಬಿನ ಅಡಿ ಕಳಚಿ ಬೀಳುತ್ತದೆ. ಇದನ್ನು ತಡೆಯಬಲ್ಲ ಬೆಂಡರನ್ನು ಎಂಜಿನಿಯರ್‌ಗಳು ಸುಲಭವಾಗಿ ಕೈಬಿಡುವುದಿಲ್ಲ.

ಕೆಂಪುಕಲ್ಲಿನ ಕೆಲಸ ನಮ್ಮೂರಿನದೇ ವಿದ್ಯೆ. ಕೋರೆಯಿಂದ ತಂದ ಹಸಿ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ. ಉಗುರಿಗೆ ಉದುರುವ, ಹಳದಿ ಮಣ್ಣು ತುಂಬಿದ ಕಲ್ಲನ್ನು ಕೆಳವರಸೆಗೆ ಇಡಬಾರದು.

ವಯರಿಂಗ್ ಹಿಡಿದವರು ವಯರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಲೇಬೇಕು. ಹೊಸ ಮನೆಗೆ ಮೆಸ್ಕಾಂ ವಿದ್ಯುತ್ ಸಂಪರ್ಕ ಬೇಕೆಂದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ವಯರಿಂಗ್ ಪೂರ್ಣಗೊಂಡ ವರದಿ ಬೇಕು. ಪರ್ಮಿಟ್ ಇಲ್ಲದವರು ಬೇರೆಯವರ ಕೈಕೆಳಗೇ ಉಳಿಯುತ್ತಾರೆ. 1982ರಲ್ಲಿ ಆರಂಭವಾದ ಉಜಿರೆಯ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇದೆ. ಯಾವ ಬ್ಯಾಚ್ ಯಾವಾಗ ಎಂದು ಮೊದಲೇ ಕೇಳಿ. ಓದು ಮುಂದುವರಿಸುವವರಿಗೆ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ ಇದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಸಿವಿಲ್ ಡಿಪ್ಲೊಮಾ; ಎರಡು ವರ್ಷದ ಐಟಿಐ ಮುಗಿಸಿದವರಿಗೆ ಎರಡನೇ ವರ್ಷಕ್ಕೇ ಪ್ರವೇಶ. ಡಿಪ್ಲೊಮಾ ಆದ ಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ 18ರಿಂದ 60 ವಯಸ್ಸಿನವರು ಅರ್ಜಿ ಹಾಕಬಹುದು. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಹತ್ತು ಸೈಟಿನಲ್ಲಿ ಹತ್ತು ಮೇಸ್ತ್ರಿಗಳ ಕೆಳಗೆ ದುಡಿದವರಿಗೆ ಈ 90 ದಿನ ತೋರಿಸುವುದೇ ಕಷ್ಟ. ಆದ್ದರಿಂದ ಒಂದು ಪುಸ್ತಕದಲ್ಲಿ ತಾರೀಕು, ಸೈಟು, ಮಾಡಿದ ಕೆಲಸ, ಬಂದ ಕೂಲಿ ಬರೆದು, ವಾರದ ಬಟವಾಡೆ ದಿನ ಮೇಸ್ತ್ರಿಯ ಸಹಿ ಹಾಕಿಸಿ. ಕೂಲಿ ಬಾಕಿ ಉಳಿದಾಗಲೂ ಕಾರ್ಮಿಕ ಇಲಾಖೆಯಲ್ಲಿ ತೋರಿಸಲು ಇದೇ ಆಧಾರ.

ಗಲ್ಫಿಗೆ ಹೊರಡುವವರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಹೊರಡುವ ಮೊದಲು ಸರ್ಕಾರದ ಅನುಮತಿ ಬೇಕಾದ ವರ್ಗ) ಆಗಿರುತ್ತದೆ. ಅಂಥವರಿಗೆ ಸೌದಿ, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಈ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ನೋಂದಾಯಿತ ಏಜೆಂಟ್ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ಕೊಡಬೇಕು. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎನ್ನುವವರಿಗೆ ಹಣ ಕೊಡಬೇಡಿ. ಸಂಬಳ, ಕೆಲಸದ ಹೆಸರು, ವಸತಿ ಬರೆದಿರುವ ಒಪ್ಪಂದದ ಪ್ರತಿಯೊಂದನ್ನು ಮನೆಯಲ್ಲೂ ಇಟ್ಟು ಹೋಗಿ.