ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದ ಮೇಸ್ತ್ರಿ

ನನ್ನದು ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರು. ವಾರವಿಡೀ ಶಿವಮೊಗ್ಗದ ವಿನೋಬನಗರದ ಮನೆಯಿಂದ ಶಾಲೆಗೆ ಹೋಗಿ ಬರುತ್ತದೆ. ರಜೆ ಸಿಕ್ಕರೆ ಮಂಡಗದ್ದೆ ದಾಟಿ ತೀರ್ಥಹಳ್ಳಿಯಾಚೆಯ ತವರಿನ ತೋಟಕ್ಕೆ ಹೋಗುತ್ತದೆ. ವಾರಂಟಿ ಮುಗಿದು ಎಷ್ಟೋ ಕಾಲವಾಯಿತು. ಬೆಳಿಗ್ಗೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಆಯಿಲ್ ಬದಲಿಸಿ ಎಂದು ಕೀ ಕೊಟ್ಟರೆ ಸಂಜೆಯ ಬಿಲ್ಲಿನಲ್ಲಿ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎ.ಸಿ.ಗೆ ಸಿಂಪಡಿಸಿದ ಸುಗಂಧದ್ರವ್ಯ, ಹೀಗೆ ಕೇಳದ್ದೆಲ್ಲ ಸೇರಿಕೊಳ್ಳುವುದನ್ನು ನೋಡಿ ಬೇಸತ್ತು, ಹೊರಗಿನ ಗ್ಯಾರೇಜು ಹುಡುಕಲು ಹೊರಟೆ.

ಶಿವಮೊಗ್ಗದಲ್ಲಿ ಗ್ಯಾರೇಜಿಗೇನೂ ಬರವಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಯಾವ ಬಾಗಿಲಿಗೆ ಕಾರು ತಿರುಗಿಸಬೇಕು ಎಂಬುದೇ ಸಮಸ್ಯೆಯಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಯಾರು ಎಂದು ಕೇಳಿದರೆ ಸಹೋದ್ಯೋಗಿಗಳೆಲ್ಲ ತಮ್ಮ ತಮ್ಮ ಮೆಕ್ಯಾನಿಕ್‌ನ ಗುಣಗಾನ ಮಾಡಿದರು. ಅದು ಉಪಯೋಗಕ್ಕೆ ಬರಲಿಲ್ಲ. ಬಾಡಿಗೆ ಕಾರಿನ ಚಾಲಕರನ್ನು ವಿಚಾರಿಸಿದ್ದು ಉಪಯೋಗಕ್ಕೆ ಬಂತು. ಅವರಿಗೆ ಗಾಡಿ ಒಂದು ದಿನ ನಿಂತರೆ ಆ ದಿನದ ಅನ್ನವೂ ನಿಂತಂತೆ. ಅವರನ್ನು ಕೇಳುವಾಗಲೂ ‘ಯಾರು ಒಳ್ಳೆಯವರು’ ಎನ್ನದೆ ‘ಹೋದ ಸಲ ಆಯಿಲ್ ಎಲ್ಲಿ ಬದಲಿಸಿದಿರಿ, ಎಷ್ಟಾಯಿತು, ಅವರೇ ಹಾಕಿದ್ದೋ ನೀವು ತಂದುಕೊಟ್ಟಿದ್ದೋ’ ಎಂದು ಕೇಳಬೇಕು. ಅಭಿಪ್ರಾಯ ಕೇಳಿದರೆ ಜನ ಔದಾರ್ಯ ತೋರುತ್ತಾರೆ, ಲೆಕ್ಕ ಕೇಳಿದರೆ ಲೆಕ್ಕವನ್ನೇ ಹೇಳುತ್ತಾರೆ.

ಗ್ಯಾರೇಜನ್ನು ಅಳೆಯಲು ಆಯಿಲ್ ಬದಲಾವಣೆಗಿಂತ ಒಳ್ಳೆಯ ಕೆಲಸವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಹಳೆಯ ಆಯಿಲ್, ಹೊಸ ಆಯಿಲ್, ಒಂದು ಫಿಲ್ಟರ್, ಒಂದು ಬೋಲ್ಟ್, ಒಂದು ವಾಷರ್, ಅಷ್ಟೇ. ಎಲ್ಲವೂ ಕಣ್ಣೆದುರಿಗೇ ನಡೆಯುವ ಕೆಲಸ. ಇಷ್ಟರಲ್ಲೇ ಕೈಚಳಕ ತೋರಿಸುವವನ ಕೈಗೆ ಮುಂದೆ ಕ್ಲಚ್ ಪ್ಲೇಟಿನ ಕೆಲಸ ಕೊಡುವುದು ಹೇಗೆ?

ಹಾಗಾಗಿ ಆಯಿಲ್ ಮತ್ತು ಫಿಲ್ಟರ್ ನಾನೇ ತಂದರೆ ಕೂಲಿ ಎಷ್ಟು ಎಂದು ಮೊದಲೇ ಕೇಳುತ್ತಿದ್ದೆ. ಕೆಲವರು ಒಪ್ಪಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಆಯಿಲ್ ಮಾರಿದ ಲಾಭವೇ ಅವರ ಬಾಡಿಗೆ ಕಟ್ಟುತ್ತದೆ. ಒಪ್ಪಿಯೂ ‘ನೀವು ತಂದದ್ದು ಡೂಪ್ಲಿಕೇಟ್ ಆಗಿದ್ದರೆ ನಮ್ಮನ್ನು ಕೇಳಬೇಡಿ’ ಎಂದವರಿದ್ದರು. ಆ ಮಾತು ನನಗೆ ಹಿಡಿಸಿತು. ಒಬ್ಬನಂತೂ ಯಾವ ಕಾರು, ಎಷ್ಟು ಓಡಿದೆ ಎಂದು ಕೂಡ ಕೇಳದೆ, ಎಲ್ಲೂ ಸಿಗದಷ್ಟು ಕಡಿಮೆ ಬೆಲೆ ಹೇಳಿ ‘ತನ್ನಿ ಮೇಡಂ, ಹಾಕಿಬಿಡುತ್ತೇನೆ’ ಎಂದ. ಅಲ್ಲಿಗೆ ಹೋಗಲಿಲ್ಲ. ಯಾವ ಆಯಿಲ್ ಎಂದು ಹೇಳದೆ ಬೆಲೆ ಮಾತ್ರ ಹೇಳಿದರೆ ಅದು ಬ್ಯಾರೆಲ್ಲಿನಿಂದ ಬರುವ ಲೂಸ್ ಆಯಿಲ್ ಎಂದೇ ನಾನು ಎಣಿಸುತ್ತೇನೆ.

ಬೆಲೆಯಲ್ಲಿ ಎಲ್ಲಿ ಬೇಕಾದರೂ ಜಗ್ಗಬಹುದು, ಆಯಿಲ್‌ನಲ್ಲಿ ಮಾತ್ರ ಬೇಡ. ನನ್ನ ಕಾರಿನ ಕೈಪಿಡಿ 5ಡಬ್ಲ್ಯೂ-30 ಕೇಳುತ್ತದೆ. ಮೊದಲ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಮಂದವಾಗಿರುತ್ತದೆ ಎಂಬುದಕ್ಕೆ. ‘ಹಳೇ ಗಾಡಿಗೆ ಗಟ್ಟಿ ಆಯಿಲೇ ಸರಿ, 20ಡಬ್ಲ್ಯೂ-50 ಹಾಕೋಣ’ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆಯಿಲ್ ಕುಡಿಯುವ, ಸವೆದ ಎಂಜಿನ್ನಿಗೆ ಆ ಮಾತು ಹೊಂದೀತು. ಆಯಿಲ್ ಕಡಿಮೆಯೇ ಆಗದ ನನ್ನ ಕಾರಿಗೆ ಅದು ಬೇಕಿಲ್ಲ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕ್ಷಣ ಆಯಿಲ್ ಬೇಗ ಮೇಲೇರುವುದು ಮುಖ್ಯ. ಬಿಲ್ಲು ಕೊಡುವ ಬಿಡಿಭಾಗದ ಅಂಗಡಿಯಲ್ಲಿ ಮೂರೂವರೆ ಲೀಟರಿನ ಸೀಲ್ ಒಡೆಯದ ಡಬ್ಬ ಒಂದೂವರೆ ಸಾವಿರದ ಆಸುಪಾಸಿಗೆ ಸಿಕ್ಕಿತು, ಕಂಪನಿಯ ಫಿಲ್ಟರಿಗೆ ನೂರು ರೂಪಾಯಿ ಚಿಲ್ಲರೆ. ಹಳೆಯ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ವಾಷರನ್ನು ಮರೆಯದೆ ಕೇಳಿ ಪಡೆಯಬೇಕು. ಚಿಲ್ಲರೆ ಕಾಸಿನ ಸಾಮಾನಾದ್ದರಿಂದ ಅಂಗಡಿಯವರಿಗೇ ಅದರ ನೆನಪಿರುವುದಿಲ್ಲ.

ಇನ್ನು ಗ್ಯಾರೇಜು ನಿರ್ಧಾರವಾದ ಬಗೆ. ಮಳೆಗಾಲದ ನಡುವೆ ಒಂದು ದಿನ ಆಯಿಲ್ ಹಾಕುವ ಮುಚ್ಚಳ ತೆರೆದರೆ ಒಳಗೆಲ್ಲ ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಡ್ಡು. ಹತ್ತಿರದ ಗ್ಯಾರೇಜಿನವನಿಗೆ ತೋರಿಸಿದೆ. ಆತ ಬೆರಳಿನಿಂದ ಒರೆಸಿ ನೋಡಿ, ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಆಯಿಲಿಗೆ ಸೇರುತ್ತಿದೆ, ಹೆಡ್ ಇಳಿಸಬೇಕು, ಗಾಡಿ ಇಲ್ಲೇ ಬಿಡಿ’ ಎಂದ. ಹೆಡ್ ಎಂದರೆ ಎಂಜಿನ್ನಿನ ಮೇಲ್ಭಾಗ, ಅದರ ಕೆಳಗಿನ ಸೀಲೇ ಗ್ಯಾಸ್ಕೆಟ್. ಖರ್ಚು ಹತ್ತು ಸಾವಿರದ ಮೇಲೆ. ಬಿಡಲಿಲ್ಲ.

ಚಾಲಕರು ಹೇಳಿದ್ದ ಇನ್ನೊಬ್ಬ ಮೇಸ್ತ್ರಿಯ ಬಳಿ ಹೋದೆ. ಅವರು ಮುಚ್ಚಳವನ್ನು ನೋಡಿದರು, ಏನೂ ಹೇಳಲಿಲ್ಲ. ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು ಬೆಳಕಿಗೆ ಹಿಡಿದರು. ಆಯಿಲ್ ಕಂದಾಗಿತ್ತೇ ಹೊರತು ಹಾಲಿನಂತಿರಲಿಲ್ಲ. ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ, ಡಬ್ಬಿಯಲ್ಲಿ ಮಟ್ಟ ಗೆರೆಯ ಮೇಲೇ ಇತ್ತು. ಎಂಜಿನ್ ಓಡಿಸಿ ಹಿಂದೆ ಹೋಗಿ ಹೊಗೆ ನೋಡಿ ಬಂದರು. ‘ದಿನಾ ಎಷ್ಟು ದೂರ ಓಡಿಸುತ್ತೀರಿ?’ ಎಂದರು. ಶಾಲೆಗೆ ಮೂರು ಕಿಲೋಮೀಟರು ಎಂದೆ. ‘ಹಾಗಾದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಮೇಡಂ. ಒಳಗಿನ ಹಬೆ ಮುಚ್ಚಳಕ್ಕೆ ಕೂತು ಆಯಿಲ್ ಜೊತೆ ಕಲೆಯುತ್ತದೆ. ಇದನ್ನು ಒರೆಸಿ, ಭಾನುವಾರ ಊರಿಗೊಮ್ಮೆ ಹೋಗಿ ಬನ್ನಿ. ಕೂಲೆಂಟ್ ಇಳಿದರೆ ಮಾತ್ರ ನನ್ನ ಹತ್ತಿರ ಬನ್ನಿ.’ ದುಡ್ಡು ಕೇಳಲಿಲ್ಲ. ತೀರ್ಥಹಳ್ಳಿಗೆ ಹೋಗಿ ಬಂದ ಮೇಲೆ ಒರೆಸಿದ ಮುಚ್ಚಳಕ್ಕೆ ಹೊಸ ಜಿಡ್ಡು ಹತ್ತಿರಲಿಲ್ಲ, ಕೂಲೆಂಟೂ ಇದ್ದಷ್ಟೇ ಇತ್ತು.

ಮಲೆನಾಡಿನ ಜಡಿಮಳೆಯಲ್ಲಿ ಸಣ್ಣ ದೂರ ಓಡುವ ಕಾರಿಗೆ ಇದು ಮಾಮೂಲು ಸಂಗತಿ. ನಿಜವಾಗಿಯೂ ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರುತ್ತಿದ್ದರೆ ಸಾಮಾನ್ಯವಾಗಿ ಡಿಪ್‌ಸ್ಟಿಕ್ಕಿನ ಆಯಿಲೂ ಹಾಲಾಗಿರುತ್ತದೆ, ಕೂಲೆಂಟ್ ಇಳಿಯುತ್ತದೆ, ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬಿಡಬಹುದು. ಇವನ್ನು ನೋಡುವ ಮೊದಲೇ ಹೆಡ್ ಇಳಿಸುವ ಮಾತಾಡಿದವನಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ತುಂಬಾ ಚೆನ್ನಾಗಿ ಗೊತ್ತಿದೆ.

ಮಳೆ ಬಿಟ್ಟ ಮೇಲೆ ಆಯಿಲ್ ಬದಲಿಸಲು ಅದೇ ಮೇಸ್ತ್ರಿಯ ಬಳಿ ಹೋದೆ. ಪಕ್ಕದಲ್ಲಿ ನಿಂತು ನೋಡಬಹುದೇ ಎಂದಾಗ ಸ್ಟೂಲು ಕೊಟ್ಟರು. ‘ಒಳಗೆ ಗಿರಾಕಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿಗೆ ಸುರಕ್ಷತೆಯ ಕಾರಣ ಇರಬಹುದು, ಆದರೆ ಆಯಿಲ್ ಬದಲಿಸುವುದನ್ನೂ ನೋಡಬಾರದು ಎಂದರೆ ನಾನು ಕಾರು ತಿರುಗಿಸುತ್ತೇನೆ. ಕಾರು ಓಡಿಸಿಕೊಂಡು ಬಂದಿದ್ದರಿಂದ ಆಯಿಲ್ ಬಿಸಿಯಾಗಿ ಸರಾಗವಾಗಿ ಇಳಿಯಿತು. ಕೊನೆಯಲ್ಲಿ ತೊಟ್ಟಿಕ್ಕುವವರೆಗೂ ಅವರು ಅವಸರ ಮಾಡಲಿಲ್ಲ. ಹುಡುಗ ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದ. ಡ್ರೈನ್ ಬೋಲ್ಟನ್ನೂ ಮೊದಲು ಬೆರಳಿನಲ್ಲಿ ಪೂರ್ತಿ ಕೂರಿಸಿ ಆಮೇಲೆ ಸ್ಪ್ಯಾನರ್ ಹಾಕಿದ. ಅವನು ಹಿಡಿಯ ಮೇಲೆ ಭಾರ ಹಾಕಲು ಹೋದಾಗ ಮೇಸ್ತ್ರಿ ‘ಸಾಕು, ಥ್ರೆಡ್ ಹೋದರೆ ಆಯಿಲ್ ಚೇಂಬರೇ ಹೋಯಿತು’ ಎಂದು ತಡೆದರು. ಅಷ್ಟರಲ್ಲೇ ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಆಯಿಲ್ ಸುರಿದ ಮೇಲೆ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ನಿಲ್ಲಿಸಿ, ಆಯಿಲ್ ಇಳಿಯಲು ಬಿಟ್ಟು ಡಿಪ್‌ಸ್ಟಿಕ್ ನೋಡಿದರು. ಮೇಲಿನ ಗೆರೆಗೆ ತುಸು ಕೆಳಗೆ. ಡಬ್ಬದಲ್ಲಿ ಉಳಿದದ್ದನ್ನು ‘ಇಟ್ಟುಕೊಳ್ಳಿ, ಟಾಪ್ ಅಪ್ಪಿಗೆ ಬೇಕಾಗುತ್ತದೆ’ ಎಂದು ನನ್ನ ಡಿಕ್ಕಿಗೇ ಇಟ್ಟರು. ಕೂಲಿ ಮುನ್ನೂರು.

ಡಬ್ಬ ಬರಿದಾದ ಮೇಲೂ ನಾನು ಗ್ಯಾರೇಜಿನಲ್ಲಿ ಬಿಡುವುದಿಲ್ಲ. ಮನೆಗೆ ತಂದು ಮೊಳೆಯಿಂದ ತೂತು ಹೊಡೆದು ಗುಜರಿಗೆ ಹಾಕುತ್ತೇನೆ. ಒಳ್ಳೆಯ ಬ್ರ್ಯಾಂಡಿನ ಖಾಲಿ ಡಬ್ಬಕ್ಕೆ ಕಳಪೆ ಆಯಿಲ್ ತುಂಬಿ ಮಾರುವವರಿಗೆ ನನ್ನ ಡಬ್ಬ ಸಿಗುವುದು ಬೇಡ.

ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡುತ್ತೇನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೆ ಸೇರಬೇಕು. ನಮ್ಮ ಕಡೆ ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯಲು ಅದನ್ನು ಕ್ಯಾನಿನಲ್ಲಿ ಕೇಳಿ ಒಯ್ಯುವ ವಾಡಿಕೆಯಿದೆ. ನಮ್ಮಣ್ಣನೂ ಕೇಳಿದ್ದ, ತೋಟದ ಬಾವಿಯ ನೆನಪಾಗಿ ನಾನು ತರಲಿಲ್ಲ. ಈ ಗ್ಯಾರೇಜಿನಲ್ಲಿ ಮುಚ್ಚಳವಿರುವ ಬ್ಯಾರೆಲ್ ಇದೆ, ಒಯ್ಯಲು ಜನ ಬರುತ್ತಾರೆ. ಹಿತ್ತಿಲ ಚರಂಡಿಗೆ ಸುರಿಯುವ ಕಡೆ ಆ ನೀರು ತುಂಗೆಗೇ ಹೋಗುತ್ತದೆ ಎಂಬ ಪರಿವೆಯಿಲ್ಲದವರು ನನ್ನ ಎಂಜಿನ್ನಿನ ಬಗ್ಗೆ ಮಾತ್ರ ಕಾಳಜಿ ವಹಿಸುತ್ತಾರೆ ಎಂದು ನಾನು ನಂಬಲಾರೆ.

ಹೆಂಗಸರಿಗೆ ಇನ್ನೊಂದು ಪರೀಕ್ಷೆಯಿದೆ. ಅಣ್ಣನನ್ನು ಜೊತೆಗೆ ಕರೆದೊಯ್ದು ಪ್ರಶ್ನೆಯನ್ನು ನಾನೇ ಕೇಳುತ್ತಿದ್ದೆ. ಉತ್ತರವನ್ನು ಅಣ್ಣನ ಮುಖ ನೋಡಿ ಹೇಳುವ ಗ್ಯಾರೇಜಿಗೆ ಮತ್ತೆ ಹೋಗಲಿಲ್ಲ. ಕಾರಿನ ಬಗ್ಗೆ ಅಣ್ಣನಿಗೆ ಏನೂ ಗೊತ್ತಿಲ್ಲ, ಪಾಪ.

ಆಯಿಲ್ ಬದಲಿಸಲು ಕೈಪಿಡಿಯಲ್ಲಿರುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಧೂಳು ಮತ್ತು ಸಣ್ಣ ದೂರದ ಓಡಾಟ ಹೆಚ್ಚಿದ್ದರೆ ಇನ್ನೂ ಬೇಗ ಬದಲಿಸಿ ಎಂದೂ ಅದೇ ಹೇಳುತ್ತದೆ. ನನ್ನ ಕಾರು ವರ್ಷಕ್ಕೆ ಅಷ್ಟು ದೂರ ಓಡುವುದೇ ಇಲ್ಲ, ಹಾಗಾಗಿ ಮಳೆಗಾಲ ಮುಗಿದೊಡನೆ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಆಯುಧಪೂಜೆಯ ವಾರ ಮಾತ್ರ ಗ್ಯಾರೇಜಿನ ಕಡೆ ತಲೆಹಾಕುವುದಿಲ್ಲ. ಆಗ ಊರಿನ ಗಾಡಿಗಳೆಲ್ಲ ತೊಳೆಸಿಕೊಳ್ಳಲು ಸಾಲುಗಟ್ಟಿ ನಿಂತಿರುತ್ತವೆ, ಸ್ಟೂಲು ಹಾಕಲೂ ಜಾಗ ಸಿಗುವುದಿಲ್ಲ.