ಕ್ಯೂ ಟಿಪ್ ಅಂಟಿಸೋದು ಒಂದು ನಿಮಿಷ, ಉಜ್ಜೋದು ಅರ್ಧ ದಿನ

ಕಪ್ಪು ಚೆಂಡು ಪಾಕೆಟ್ಟಿನ ಬಾಯಲ್ಲೇ ನಿಂತಿತ್ತು. ಹೊಡೆದೆ. ‘ಠಕ್’ ಅನ್ನಬೇಕಾದದ್ದು ‘ಕಟ್’ ಅಂದಿತು. ಬಿಳಿ ಚೆಂಡು ಎತ್ತಲೋ ಹೋಯಿತು, ಕ್ಯೂ (ಸ್ನೂಕರ್, ಪೂಲ್ ಆಡುವ ಕೋಲು) ತುದಿಯ ತೊಗಲಿನ ಬಿಲ್ಲೆ ಪಕ್ಕದ ಟೇಬಲ್ ಕೆಳಗೆ ಉರುಳಿತು. ಹಿಂದಿನ ರಾತ್ರಿಯಷ್ಟೇ ನಾನೇ ಅಂಟಿಸಿದ ಟಿಪ್ ಅದು. ಎರಡು ಹನಿ ಅಂಟು, ಒಂದು ನಿಮಿಷದ ಕೆಲಸ ಅಂತ ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ ಬೇರೆ.

ಬಿದ್ದ ಬಿಲ್ಲೆಯನ್ನು ಹುಡುಕಿ ತಿರುಗಿಸಿ ನೋಡಿದೆ. ಅಂಟು ಹಿಡಿದದ್ದು ನಡುವೆ ಮಾತ್ರ, ಒಂದು ಶೇಂಗಾ ಬೀಜದಷ್ಟು ಜಾಗ. ಸುತ್ತ ಹಳೆಯ ಅಂಟಿನ ಪುಡಿ, ಟಿಪ್ಪಿಗೆ ಸವರುವ ಚಾಕಿನ ನೀಲಿ ಧೂಳು.

ತೊಗಲಿಗೆ ಯಾವ ಅಂಟು ಛಲೋ ಅಂತ ಕೇಳಲು ಸೂಪರ್ ಮಾರ್ಕೆಟ್ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಒಬ್ಬರ ಬಳಿ ಹೋದೆ. ಅವರು ಅಂಟಿನ ಮಾತೇ ಎತ್ತಲಿಲ್ಲ. ಬಿಲ್ಲೆಯ ಹಿಂಬದಿ ಮೇಲೆ ಉಗುರು ಆಡಿಸಿದರು. “ಗಾಜಿನಂಗ ನುಣ್ಣಗ ಅದ. ಇದಕ್ಕ ಯಾವ ಸೊಲ್ಯೂಷನ್ ಹಿಡೀತದ ತಮ್ಮಾ? ಮೊದ್ಲ ತಿಕ್ಕು, ಆಮ್ಯಾಲ ಹಚ್ಚು” ಅಂದರು. ಮುಂದೆ ಬರೆದಿರುವುದೆಲ್ಲ ಹೆಚ್ಚುಕಡಿಮೆ ಆ ಮಾತಿನ ವಿಸ್ತರಣೆ.

ಇಷ್ಟು ಸಣ್ಣ ಬಿಲ್ಲೆಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಟಿಪ್ ಮತ್ತು ಚೆಂಡು ಒಂದನ್ನೊಂದು ಮುಟ್ಟುವುದು ಒಂದೆರಡು ಮಿಲಿಸೆಕೆಂಡು. ಚೆಂಡಿನ ಬದಿಗೆ ಹೊಡೆದಾಗ ಅಷ್ಟರಲ್ಲೇ ತೊಗಲು ಜಾರದೆ ಹಿಡಿಯಬೇಕು, ಇಲ್ಲದಿದ್ದರೆ ಮಿಸ್‌ಕ್ಯೂ, ಅಂದರೆ ಏಟು ಜಾರುತ್ತದೆ. ಮೊದಲು ಕ್ಯೂಗೆ ಬರೀ ಮರದ ತುದಿ ಇತ್ತು. 19ನೇ ಶತಮಾನದ ಆರಂಭದಲ್ಲಿ ತೊಗಲಿನ ತುದಿ ತಂದ ಹೆಸರು ಫ್ರಾನ್ಸಿನ ಸೇನಾಧಿಕಾರಿ ಫ್ರಾಂಸ್ವಾ ಮಿಂಗೋ ಅವರದು. ಆತ ಜೈಲಿನಲ್ಲಿದ್ದಾಗ ಬಿಲಿಯರ್ಡ್ಸ್ ಆಡುತ್ತಾ ಇದನ್ನು ಕಂಡುಕೊಂಡ ಅನ್ನುತ್ತಾರೆ. ಜೈಲಿನಲ್ಲಿ ಟೈಮಿಗೇನು ಬರ, ಕೂತು ಉಜ್ಜಿರಬೇಕು.

ಟಿಪ್ ಆರಿಸುವುದು

ತುದಿಗಿಂತ ತುಸು ದೊಡ್ಡ ಟಿಪ್ ತನ್ನಿ. 13 ಮಿ.ಮೀ. ಪೂಲ್ ಕ್ಯೂಗೆ 14 ಮಿ.ಮೀ., 9.5 ಮಿ.ಮೀ. ಸ್ನೂಕರ್ ಕ್ಯೂಗೆ 10 ಮಿ.ಮೀ. ಮಿಕ್ಕಿದ್ದನ್ನು ಆಮೇಲೆ ಕತ್ತರಿಸಬಹುದು. ಚಿಕ್ಕದಾದರೆ ಮಾಡುವುದೇನಿಲ್ಲ. ಕೆಲವು ಅಗ್ಗದ ಕ್ಯೂಗಳಿಗೆ ತಿರುಪಿನ ಟಿಪ್ ಇರುತ್ತದೆ. ಅದನ್ನು ತಿರುಗಿಸಿ ಬಿಚ್ಚಿ ಹೊಸದು ಹಾಕಿದರಾಯಿತು, ಈ ಲೇಖನ ಅದಕ್ಕಲ್ಲ.

ಟಿಪ್‌ನಲ್ಲಿ ಎರಡು ಜಾತಿ. ಎಲ್ಕ್ ಮಾಸ್ಟರ್‌ನಂತಹ ಒಂದೇ ತುಂಡಿನ ತೊಗಲು ಅಗ್ಗ, ಆದರೆ ಒಂದು ಮೆತ್ತಗೆ, ಇನ್ನೊಂದು ಗಟ್ಟಿ ಬರಬಹುದು. ತೆಳು ಪದರಗಳನ್ನು ಒತ್ತಿ ಅಂಟಿಸಿದ್ದು ಇನ್ನೊಂದು. ಜಪಾನಿನ ಕಮೂಯಿ ಟಿಪ್ ಹಂದಿ ತೊಗಲಿನ ಪದರಗಳಿಂದ ಮಾಡಿದ್ದು. ಇವು ದುಬಾರಿ, ಆದರೆ ಎಲ್ಲಾ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಲಿಯುವವರು ಅಗ್ಗದ್ದನ್ನೇ ನಾಲ್ಕು ತಂದು ಕೈ ಪಳಗಿಸಿಕೊಳ್ಳಲಿ, ದುಬಾರಿ ಟಿಪ್ಪನ್ನು ಮೊದಲ ದಿನವೇ ಹಾಳು ಮಾಡುವುದು ಬೇಡ.

ನಾಲ್ಕರಲ್ಲಿ ಒಳ್ಳೆಯದು ಯಾವುದು? ನಮ್ಮ ಮನೆ ನೆಲಕ್ಕೆ ಶಹಾಬಾದ್ ಫರಸಿ. ಅದರ ಮೇಲೆ ಗೇಣೆತ್ತರದಿಂದ ಒಂದೊಂದೇ ಬೀಳಿಸಿ ಕೇಳುತ್ತೇನೆ. ಟಣ್ ಅಂದದ್ದು ಗಟ್ಟಿ, ದಪ್ ಅಂದದ್ದು ಮೆತ್ತಗೆ. ಮೆತ್ತಗಿದ್ದದ್ದನ್ನು ಎರಡು ಚಪ್ಪಟೆ ಲೋಹದ ತುಂಡುಗಳ ನಡುವೆ ಇಟ್ಟು ಒಂದು ರಾತ್ರಿ ವೈಸ್‌ನಲ್ಲಿ ಬಿಗಿದರೆ ತೊಗಲು ಗಟ್ಟಿಯಾಗುತ್ತದೆ. ಆಡುವಾಗ ಅಣಬೆಯಂತೆ ಬದಿಗೆ ಹರಡಿಕೊಳ್ಳುವುದೂ ಕಡಿಮೆ. ವೈಸ್ ಇಲ್ಲದವರು ಪರಿಚಯದ ಗ್ಯಾರೇಜಿನವರನ್ನು ಕೇಳಿ. ಪದರದ ಟಿಪ್ಪಿಗೆ ಈ ಉಪಚಾರ ಬೇಡ.

ಹಳೆಯದನ್ನು ತೆಗೆದು ಸಮ ಮಾಡುವುದು

ಟಿಪ್ ಕೆಳಗಿನ ಬಳೆಯಂತಹ ಭಾಗವೇ ಫೆರೂಲ್. ಸ್ನೂಕರ್ ಕ್ಯೂಗೆ ಸಾಮಾನ್ಯವಾಗಿ ಹಿತ್ತಾಳೆಯದು, ಪೂಲ್ ಕ್ಯೂಗೆ ಪ್ಲಾಸ್ಟಿಕ್ ಅಥವಾ ಫೈಬರ್. ಮೊದಲು ಅದರ ಸುತ್ತ ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ. ಹಳೆಯ ಟಿಪ್ಪನ್ನು ಪೇಪರ್ ಕಟರ್‌ನಿಂದ ಪದರಪದರವಾಗಿ ಕತ್ತರಿಸಿ. ಇಕ್ಕಳದಿಂದ ಹಿಡಿದು ಎಳೆದರೆ ಮರದ ಸಿಬಿರೂ ಜೊತೆಗೆ ಬರಬಹುದು.

ಉಳಿದ ಅಂಟನ್ನು ಬ್ಲೇಡ್ ಅಡ್ಡ ಹಿಡಿದು ಕೆರೆದು ತೆಗೆಯಿರಿ. ಈಗ ಫೆರೂಲ್ ಮುಖಕ್ಕೆಲ್ಲ ಸ್ಕೆಚ್ ಪೆನ್ ಬಳಿಯಿರಿ. ಒಂದು ನೇರ ಮರದ ತುಂಡಿಗೆ 220 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ ಟೇಬಲ್ ಮೇಲೆ ನೆಟ್ಟಗೆ ನಿಲ್ಲಿಸಿ. ಕ್ಯೂನ ಮುಂಭಾಗ ಟೇಬಲ್ ಮೇಲೆಯೇ ಮಲಗಿರಲಿ. ತುದಿಯನ್ನು ಪೇಪರಿಗೆ ಹಗುರಾಗಿ ತಾಗಿಸಿ ಕ್ಯೂ ಉರುಳಿಸಿ. ನಾಲ್ಕು ಸುತ್ತು ಆದ ಮೇಲೆ ನೋಡಿ, ಬಣ್ಣ ಉಳಿದ ಕಡೆ ತಗ್ಗು, ಹೋದ ಕಡೆ ಉಬ್ಬು. ಬಣ್ಣ ಎಲ್ಲಾ ಕಡೆ ಹೋದ ಕೂಡಲೇ ನಿಲ್ಲಿಸಿ. ಇನ್ನೊಂದಿಷ್ಟು ಅಂತ ಉಜ್ಜುತ್ತಾ ಕೂತರೆ ಫೆರೂಲ್ ಸವೆದು ಗಿಡ್ಡವಾಗುತ್ತದೆ. ಒಂದು ಕ್ಯೂನಲ್ಲಿ ನಾನು ಆ ಕೆಲಸವನ್ನೂ ಮಾಡಿದ್ದೇನೆ. ಬರಿಗೈಯಲ್ಲಿ ಪೇಪರ್ ಹಿಡಿದು ಉಜ್ಜಲೇಬೇಡಿ, ಅಂಚು ಗುಂಡಗಾಗಿ ನಡು ಎದ್ದು ನಿಲ್ಲುತ್ತದೆ. ನನ್ನ ಶೇಂಗಾ ಬೀಜದ ಕಥೆ ಅದೇ.

ಇನ್ನು ಟಿಪ್‌ನ ಹಿಂಬದಿ. ಕಿಟಕಿ ಗಾಜಿನ ತುಂಡಿನ ಮೇಲೆ 120 ನಂಬರಿನ ಪೇಪರ್ ಹರಡಿ, ಟಿಪ್ಪನ್ನು ಎಂಟರ ಆಕಾರದಲ್ಲಿ ಉಜ್ಜಿ. ಫರಸಿ ಮೇಲೆ ಬೇಡ. ನೋಡಲು ಸಮ, ಆದರೆ ಕಲ್ಲಿಗೆ ಏರುತಗ್ಗು ಇರುತ್ತದೆ. ಬೆರಳಿಂದ ಹಿಡಿಯಲು ಕಷ್ಟವಾದರೆ ಟಿಪ್ ತಲೆಗೆ ಟೇಪ್ ಹಚ್ಚಿ ಹಿಡಿಕೆ ಮಾಡಿಕೊಳ್ಳಿ. ನುಣುಪು ಹೊಳಪು ಹೋಗಿ, ಸ್ವೆಟರ್ ಜುಂಗಿನಂತೆ ಸಣ್ಣ ಎಳೆಗಳು ಎದ್ದರೆ ಸಾಕು. ಬ್ಲೇಡ್ ತುದಿಯಿಂದ ಅಡ್ಡಡ್ಡ ನಾಲ್ಕು ಗೆರೆ ಎಳೆಯಿರಿ. ಈಗ ಟಿಪ್ಪನ್ನು ಒಣದಾಗಿಯೇ ಫೆರೂಲ್ ಮೇಲಿಟ್ಟು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಬೇಕು. ಇಲ್ಲಿ ನನಗೆ ಮೂರು ಸಲವಾದರೂ ಹಿಡಿಯುತ್ತದೆ.

ಕೊನೆಗೆ ಎರಡೂ ಮುಖಗಳ ಧೂಳು ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಉಗುಳು ಬೀಳುತ್ತದೆ. ಬೆರಳಿಂದಲೂ ಮುಟ್ಟಬೇಡಿ, ಬೆರಳಿಗೆ ಎಣ್ಣೆ ಇರುತ್ತದೆ.

ಅಂಟು

ಎರಡು ದಾರಿ ಇವೆ. ಒಂದು ಸೂಪರ್ ಗ್ಲೂ. ಬೇಗ ಹಿಡಿಯುತ್ತದೆ. ಆದರೆ ನೀರಿನಂತೆ ತೆಳ್ಳಗಿದ್ದರೆ ತೊಗಲೊಳಗೆ ಇಳಿದು ಟಿಪ್ಪನ್ನೇ ಕಲ್ಲು ಮಾಡುತ್ತದೆ. ಜೆಲ್ ಥರದ್ದು ಸಿಕ್ಕರೆ ತನ್ನಿ. ಇದು ಗಟ್ಟಿಯಾಗಲು ಗಾಳಿಯ ತೇವ ಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಒಣ ಹವೆಯಲ್ಲಿ ತುಸು ನಿಧಾನ, ಅದಕ್ಕೇ ಆಗ ಕೈ ಬೇಗ ಬಿಡಬಾರದು.

ಎರಡನೆಯದು ಕಾಕಾ ಬಳಸುವ ರಬ್ಬರ್ ಸೊಲ್ಯೂಷನ್. ನನಗೆ ಇದೇ ಇಷ್ಟ. ಬಿಲ್ಲೆಯನ್ನು ಸರಿಯಾಗಿ ಹಿಡಿದು ಕೂರಿಸಲು ಪುರುಸೊತ್ತು ಸಿಗುತ್ತದೆ. ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಬೇಕು. ಬಿಸಿಲಿನ ದಿನ ಇನ್ನೂ ಬೇಗ ಆರುತ್ತದೆ. ನಾನು ಹಚ್ಚಿದ ಕೂಡಲೇ ಕೂರಿಸಲು ಹೋದಾಗ ಕಾಕಾ ಕೈ ಹಿಡಿದರು. “ಯಾಕ ಅವಸರ ಮಾಡ್ಲತ್ತಿ? ಬೆರಳಿಗಿ ಹತ್ತಬಾರ್ದು, ಅಷ್ಟು ಆರ್ಲಿ.”

ಆರಿದ ಮೇಲೆ ಟಿಪ್ಪನ್ನು ನಡುವೆ ಕೂರಿಸಿ ಒತ್ತಿ. ಸುತ್ತ ಅಂಚು ಸಮನಾಗಿ ಹೊರಗೆ ಚಾಚಿದೆಯೇ ನೋಡಿ. ಆಮೇಲೆ ಕ್ಯೂ ತಲೆಕೆಳಗು ಮಾಡಿ ನೆಟ್ಟಗೆ ನಿಲ್ಲಿಸಿ ಎರಡು ನಿಮಿಷ ಕೆಳಗೆ ಒತ್ತಿ ಹಿಡಿಯಿರಿ. ವಾಲಿದರೆ ಟಿಪ್ ಸರಿಯುತ್ತದೆ. ರಾತ್ರಿಯಿಡೀ ಹಾಗೇ ಬಿಡಿ. ಆಟದ ಆಸೆ ಇದ್ದರೆ ಆ ಸಂಜೆ ಗೆಳೆಯನ ಕ್ಯೂ ಇಸಿದುಕೊಳ್ಳಿ.

ಕತ್ತರಿಸಿ ಗುಂಡಗೆ ಮಾಡುವುದು

ಹೊಸ ಬ್ಲೇಡ್ ಬೇಕೇ ಬೇಕು. ಕ್ಯೂ ತಲೆಕೆಳಗಾಗಿ ಮರದ ಹಲಗೆ ಮೇಲೆ ನಿಲ್ಲಲಿ. ಬ್ಲೇಡನ್ನು ಫೆರೂಲ್‌ಗೆ ಒರಗಿಸಿ ಕೆಳಗೆ ಹಲಗೆಯ ಕಡೆ ಒತ್ತಿ, ಸೌತೆಕಾಯಿ ಸಿಪ್ಪೆಯಷ್ಟು ತೆಳ್ಳಗೆ ಸುತ್ತಲೂ ತೆಗೆಯಿರಿ. ಟಿಪ್ ಕಡೆಯಿಂದ ಫೆರೂಲ್ ಕಡೆಗೆ ಕತ್ತರಿಸಿದರೆ ಅಂಟಿನ ಗೆರೆಯೇ ಬಿಡಬಹುದು. ಉಳಿದ ಚೂರನ್ನು 400 ನಂಬರಿನ ಪೇಪರಿನಿಂದ ಸಮ ಮಾಡಿ.

ಬದಿಗೆ ಒದ್ದೆ ಬೆರಳು ಸವರಿ, ಹಳೆಯ ಬೆಲ್ಟಿನ ತುಂಡಿನಿಂದ ಜೋರಾಗಿ ತಿಕ್ಕಿ. ತೊಗಲು ಬಿಸಿಯಾಗಿ, ಕಪ್ಪಗೆ ಹೊಳೆಯುತ್ತದೆ. ಈ ಹೊಳೆಯುವ ಗೋಡೆ ಟಿಪ್ ಬದಿಗೆ ಹರಡದಂತೆ ಹಿಡಿಯುತ್ತದೆ.

ತಲೆಯ ದುಂಡಿಗೆ ಅಳತೆ ಜೇಬಿನಲ್ಲೇ ಇದೆ. 2011ರಲ್ಲಿ ಬಂದ ವಿನ್ಯಾಸದ ಒಂದು ರೂಪಾಯಿ ನಾಣ್ಯ ಸುಮಾರು 22 ಮಿ.ಮೀ. ಅಗಲ. ಅಮೆರಿಕದ ಪೂಲ್ ಆಟಗಾರರು ‘ನಿಕಲ್’ ದುಂಡು ಅನ್ನುವ ಐದು ಸೆಂಟಿನ ನಾಣ್ಯ 21.2 ಮಿ.ಮೀ. ಹೆಚ್ಚು ವ್ಯತ್ಯಾಸವಿಲ್ಲ. ರೂಪಾಯಿಯನ್ನು ಟಿಪ್ ಹಿಂದೆ ಹಿಡಿದು ಅಂಚಿಗೆ ಅಂಚು ಕೂಡಿಸಿ ನೋಡುತ್ತಾ, ಬದಿಯಿಂದ ನಡುವಿಗೆ ಉಜ್ಜಿ. ಸ್ನೂಕರಿನವರು ಇನ್ನೂ ಗುಂಡಗೆ ಮಾಡಿಕೊಳ್ಳುತ್ತಾರೆ. ಕೊನೆಗೆ ತಲೆಯನ್ನು ತುಸು ಒರಟಾಗಿಸಿ ಚಾಕ್ ಸವರಿ. ಚಾಕನ್ನು ಡ್ರಿಲ್ ಥರ ತಿರುವಬೇಡಿ, ಹಚ್ಚಡದ ಮೇಲಿನ ಧೂಳು ಒರೆಸುವಂತೆ ಸವರಿ.

ಕ್ಯೂವನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟೂ ಮೆತ್ತಗಾಗುತ್ತದೆ, ಮರವೂ ಸೊಟ್ಟಗಾಗುತ್ತದೆ. ನಾಲ್ಕೈದು ದಿನ ಆಡಿದ ಮೇಲೆ ಹೊಸ ಟಿಪ್ ತುಸು ಕೂತು ಅಂಚು ಹೊರಗೆ ಬರುತ್ತದೆ. ಗಾಬರಿ ಬೇಡ, ಇನ್ನೊಮ್ಮೆ ಬ್ಲೇಡ್ ಆಡಿಸಿ ಬದಿ ತಿಕ್ಕಿ. ಸೊಲ್ಯೂಷನ್ ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿಡಿ. ನಮ್ಮನೆಯದು ಅರ್ಧ ಉಳಿದಿತ್ತು, ಅವ್ವನ ಚಪ್ಪಲಿಯ ಅಟ್ಟೆಗೆ ಹೋಯಿತು. ಅದನ್ನೂ ಮೊದಲು ತಿಕ್ಕಿಯೇ ಹಚ್ಚಿದೆ.